ರುಸ್ತುಂ ಜಾಲ್ ವಕೀಲ್

ರುಸ್ತುಂ ಜಾಲ್ ವಕೀಲ್ (1911–1974) ಮುಂಬಯಿಯ ಪ್ರಸಿದ್ಧ ಹೃದ್ರೋಗ ತಜ್ಞರು, ವೈದ್ಯಕೀಯ ಅಧ್ಯಾಪಕರು ಹಾಗೂ ಗ್ರಂಥಕರ್ತರು. ಭಾರತದಲ್ಲಿ ಬಹುಕಾಲದಿಂದ ಬಳಕೆಯಲ್ಲಿದ್ದ ಸರ್ಪಗಂಧದ ಬೇರನ್ನು ಅಧಿಕ ರಕ್ತದೊತ್ತಡದ ರೋಗಿಗಳಿಗೆ ಕೊಟ್ಟು, ಅದರ ಪರಿಣಾಮವನ್ನು ಅಳೆದು, 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್ ಪತ್ರಿಕೆಯಲ್ಲಿ ಅವರು ಪ್ರಕಟಿಸಿದ ಲೇಖನವು ರಕ್ತದೊತ್ತಡದ ಚಿಕಿತ್ಸೆಯ ಇತಿಹಾಸದಲ್ಲಿ ಒಂದು ತಿರುವೆಂದು ಪರಿಗಣಿತವಾಗಿದೆ. 1957ರಲ್ಲಿ ಅಮೆರಿಕದ ಲಾಸ್ಕರ್ ಪ್ರಶಸ್ತಿ, 1958ರಲ್ಲಿ ಪದ್ಮಭೂಷಣ, 1965ರಲ್ಲಿ ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿ ಅವರಿಗೆ ಸಂದವು. ಭಾರತದ ಆಧುನಿಕ ಹೃದ್ರೋಗ ವಿಜ್ಞಾನದ ಪಿತಾಮಹರೆಂದು ಅವರನ್ನು ಕರೆಯುವ ರೂಢಿಯಿದೆ.

ಸರ್ಪಗಂಧವು ರಕ್ತದೊತ್ತಡವನ್ನು ತಗ್ಗಿಸುತ್ತದೆಂದು ಮೊದಲು ಕಂಡುಹಿಡಿದವರು ವಕೀಲ್ ಎಂದು ಕೆಲವು ಜನಪ್ರಿಯ ಬರಹಗಳಲ್ಲಿ ಹೇಳಿರುವುದುಂಟು. ಅದು ಸರಿಯಲ್ಲ. ಅವರಿಗಿಂತ ಹದಿನೆಂಟು ವರ್ಷ ಮೊದಲೇ ಕಲ್ಕತ್ತೆಯ ಇಬ್ಬರು ವೈದ್ಯರು ಆ ವಿಷಯವನ್ನು ಅಚ್ಚು ಮಾಡಿದ್ದರು. ವಕೀಲ್ ಅವರ ಹಿರಿಮೆ ಇರುವುದು ಬೇರೆ ಕಡೆ: ಎಲ್ಲರಿಗೂ ಗೊತ್ತಿದ್ದ, ಆದರೆ ಯಾರೂ ಜಗತ್ತಿಗೆ ಮನವರಿಕೆ ಮಾಡಿಕೊಡದಿದ್ದ ಒಂದು ಸಂಗತಿಗೆ ಅವರು ಅಂಕಿಅಂಶದ ಆಧಾರವನ್ನು ಒದಗಿಸಿದರು.

ಜನನ ಮತ್ತು ವಿದ್ಯಾಭ್ಯಾಸ

ವಕೀಲ್ ಅವರು 1911ರಲ್ಲಿ ಮುಂಬಯಿಯ ಪಾರ್ಸಿ ಕುಟುಂಬವೊಂದರಲ್ಲಿ ಜನಿಸಿದರು. ಪಾರ್ಸಿಗಳಲ್ಲಿ ವೃತ್ತಿಯ ಹೆಸರೇ ಮನೆತನದ ಹೆಸರಾಗಿ ಉಳಿಯುವುದು ಸಾಮಾನ್ಯ. ಹೀಗೆ ವಕೀಲ್ ಎಂಬ ಹೆಸರಿನವರು ವೈದ್ಯರಾಗಿ ಖ್ಯಾತರಾದದ್ದು ಕನ್ನಡದ ಓದುಗರಿಗೆ ಮೊದಲ ನೋಟಕ್ಕೆ ಗೊಂದಲವುಂಟುಮಾಡಬಹುದು. ಅವರು ವೈದ್ಯಕೀಯ ಶಿಕ್ಷಣಕ್ಕಾಗಿ ಇಂಗ್ಲೆಂಡಿಗೆ ತೆರಳಿ, ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ವೈದ್ಯಶಾಲೆಯಲ್ಲಿ ವ್ಯಾಸಂಗ ಮಾಡಿದರು. ಥೇಮ್ಸ್ ನದಿಯ ದಡದಲ್ಲಿ, ಪಾರ್ಲಿಮೆಂಟ್ ಭವನದ ಎದುರಿಗಿರುವ ಈ ಆಸ್ಪತ್ರೆಯಲ್ಲಿಯೇ ಫ್ಲಾರೆನ್ಸ್ ನೈಟಿಂಗೇಲ್ ತಮ್ಮ ದಾದಿಯರ ಶಾಲೆಯನ್ನು ಸ್ಥಾಪಿಸಿದ್ದರು. ಉನ್ನತ ಪದವಿಗಳನ್ನು ಪಡೆದು, ಎರಡನೆಯ ಮಹಾಯುದ್ಧಕ್ಕೆ ಮುನ್ನ, 1938ರಲ್ಲಿ ವಕೀಲ್ ಮುಂಬಯಿಗೆ ಹಿಂದಿರುಗಿದರು.

ಅವರು ಸೇವೆ ಸಲ್ಲಿಸಿದ್ದು ಮುಖ್ಯವಾಗಿ ಪರೇಲ್‌ನ ಕಿಂಗ್ ಎಡ್ವರ್ಡ್ ಸ್ಮಾರಕ ಆಸ್ಪತ್ರೆ ಮತ್ತು ಅದಕ್ಕೆ ಹೊಂದಿಕೊಂಡಿರುವ ಸೇಠ್ ಗೋರ್ಧನದಾಸ್ ಸುಂದರದಾಸ್ ವೈದ್ಯಕೀಯ ಕಾಲೇಜಿನಲ್ಲಿ. 1926ರಲ್ಲಿ ಪೂರ್ಣರೂಪದಲ್ಲಿ ಆರಂಭವಾದ ಈ ಜೋಡಿ ಸಂಸ್ಥೆಗಳಿಗೆ ಒಂದು ವಿಶೇಷ ಹಿನ್ನೆಲೆಯಿದೆ. ಸರ್ಕಾರಿ ವೈದ್ಯಕೀಯ ಸೇವೆಯ ಉನ್ನತ ಸ್ಥಾನಗಳು ಬ್ರಿಟಿಷರ ಹಿಡಿತದಲ್ಲಿದ್ದ ಕಾಲದಲ್ಲಿ, ಇಲ್ಲಿ ಭಾರತೀಯ ವೈದ್ಯರೇ ಪಾಠ ಹೇಳಬೇಕು, ಭಾರತೀಯರೇ ಚಿಕಿತ್ಸೆ ನಡೆಸಬೇಕು ಎಂಬ ಷರತ್ತಿನ ಮೇಲೆ ದಾನ ಬಂದಿತ್ತು. ಗಿರಣಿ ಕಾರ್ಮಿಕರ ಬಡಾವಣೆಗಳ ನಡುವೆ ಇದ್ದ ಆ ಆಸ್ಪತ್ರೆಗೆ ರೋಗಿಗಳ ಕೊರತೆಯಿರಲಿಲ್ಲ.

ಅಂದಿನ ಚಿಕಿತ್ಸೆಯ ಸ್ಥಿತಿ

ವಕೀಲ್ ಅವರ ಕೆಲಸದ ಮಹತ್ವವನ್ನು ಅರಿಯಬೇಕಾದರೆ 1940ರ ದಶಕದಲ್ಲಿ ರಕ್ತದೊತ್ತಡದ ಬಗ್ಗೆ ವೈದ್ಯರು ಏನು ತಿಳಿದಿದ್ದರು ಎಂಬುದನ್ನು ನೋಡಬೇಕು. ತೋಳಿಗೆ ಪಟ್ಟಿ ಸುತ್ತಿ ಒತ್ತಡವನ್ನು ಅಳೆಯುವ ಉಪಕರಣವನ್ನು ಇಟಲಿಯ ರಿವಾ-ರೊಚ್ಚಿ 1896ರಲ್ಲಿ ರೂಪಿಸಿದ್ದರು. ಸ್ಟೆತಾಸ್ಕೋಪಿನಿಂದ ಶಬ್ದ ಆಲಿಸಿ ಮೇಲಿನ ಮತ್ತು ಕೆಳಗಿನ ಅಂಕಿಗಳೆರಡನ್ನೂ ಗುರುತಿಸುವ ವಿಧಾನವನ್ನು ರಷ್ಯಾದ ಕೊರೊಟ್ಕೊಫ್ 1905ರಲ್ಲಿ ತಿಳಿಸಿದ್ದರು. ಅಂದರೆ ಅಳೆಯುವುದು ಗೊತ್ತಿತ್ತು. ಅಳೆದ ಮೇಲೆ ಮಾಡುವುದೇನು ಎಂಬುದು ಗೊತ್ತಿರಲಿಲ್ಲ.

ಇನ್ನೂ ಮುಖ್ಯವಾದದ್ದೆಂದರೆ, ಏನಾದರೂ ಮಾಡಬೇಕೇ ಎಂಬ ವಿಷಯದಲ್ಲಿಯೇ ಒಮ್ಮತವಿರಲಿಲ್ಲ. ವಯಸ್ಸಾದಂತೆ ರಕ್ತನಾಳಗಳು ಗಡುಸಾಗಿ ಕಿರಿದಾಗುತ್ತವೆ, ಅವುಗಳ ಮೂಲಕ ರಕ್ತವನ್ನು ಮಿದುಳಿಗೂ ಮೂತ್ರಪಿಂಡಗಳಿಗೂ ತಳ್ಳಲು ಒತ್ತಡ ಏರುವುದು ಅವಶ್ಯಕ ಎಂದು ಅನೇಕ ಹಿರಿಯ ವೈದ್ಯರು ನಂಬಿದ್ದರು. ಕಾರಣ ತಿಳಿಯದ ಅಧಿಕ ರಕ್ತದೊತ್ತಡಕ್ಕೆ ಎಸೆನ್ಷಿಯಲ್, ಅಂದರೆ ಅತ್ಯಗತ್ಯ ಎಂಬ ಅರ್ಥವೂ ಇರುವ ವಿಶೇಷಣ ಅಂಟಿಕೊಂಡದ್ದರ ಹಿಂದೆ ಈ ನಂಬಿಕೆಯ ಛಾಯೆಯಿದೆ. ವಯಸ್ಸಿಗೆ ನೂರನ್ನು ಕೂಡಿಸಿದರೆ ಬರುವ ಸಂಖ್ಯೆಯೇ ಆ ವಯಸ್ಸಿಗೆ ಸಹಜವಾದ ಮೇಲಿನ ಅಂಕಿ ಎಂಬ ಲೆಕ್ಕಾಚಾರವೂ ಚಾಲ್ತಿಯಲ್ಲಿತ್ತು. ಆ ಲೆಕ್ಕದಲ್ಲಿ ಎಪ್ಪತ್ತರ ವೃದ್ಧರಿಗೆ 170 ಸಹಜ. ಒತ್ತಡ ಇಳಿಸಿದರೆ ಮುದುಕರಿಗೆ ಅಪಾಯವೇ ಹೆಚ್ಚು ಎಂದು ತಿಳಿದು ವೈದ್ಯರು ಸುಮ್ಮನಿರುತ್ತಿದ್ದರು. ಪಾರ್ಶ್ವವಾಯು ಬಡಿದಾಗ ಅದನ್ನು ಮುಪ್ಪಿನ ಪಾಲಿಗೆ ಬಂದದ್ದೆಂದು ಒಪ್ಪಿಕೊಳ್ಳಲಾಗುತ್ತಿತ್ತು.

ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಮರಣ ಈ ಅಸಹಾಯಕತೆಗೆ ಪ್ರಸಿದ್ಧ ನಿದರ್ಶನ. 1945ರ ಏಪ್ರಿಲ್ 12ರಂದು, 63ನೆಯ ವಯಸ್ಸಿನಲ್ಲಿ, ಮಿದುಳಿನ ರಕ್ತಸ್ರಾವದಿಂದ ಅವರು ತೀರಿಕೊಂಡಾಗ ಅವರ ಮೇಲಿನ ಅಂಕಿ 300ನ್ನು ಮೀರಿತ್ತು. ಜಗತ್ತಿನಲ್ಲಿಯೇ ಅತ್ಯಂತ ಬಲಿಷ್ಠ ರಾಷ್ಟ್ರದ ನಾಯಕನಿಗೆ ಅವರ ವೈದ್ಯರು ಕೊಡಬಲ್ಲವರಾಗಿದ್ದುದು ಉಪ್ಪು ಕಡಿಮೆಯಿರುವ ಆಹಾರ, ವಿಶ್ರಾಂತಿ, ನಿದ್ರೆ ಬರಿಸುವ ಫೀನೋಬಾರ್ಬಿಟಲ್ ಮತ್ತು ಹೃದಯಕ್ಕೆ ಡಿಜಿಟಾಲಿಸ್ ಇಷ್ಟೇ. ಸಾಮಾನ್ಯರಿಗೆ ಇದ್ದ ಇತರ ಮಾರ್ಗಗಳೂ ಸುಲಭದವಲ್ಲ. ಬೆನ್ನುಹುರಿಯ ಪಕ್ಕದ ನರಗಳನ್ನು ಕತ್ತರಿಸುವ ದೊಡ್ಡ ಶಸ್ತ್ರಚಿಕಿತ್ಸೆಯೊಂದಿತ್ತು. ವಿಷಕ್ಕೆ ಬಹಳ ಹತ್ತಿರದ ಪ್ರಮಾಣದಲ್ಲಿ ಕೊಡಬೇಕಾಗಿದ್ದ ಥಯೊಸಯನೇಟ್ ಲವಣಗಳಿದ್ದವು. ವಾಲ್ಟರ್ ಕೆಂಪ್ನರ್ ರೂಪಿಸಿದ ಪಥ್ಯದಲ್ಲಿ ಉಪ್ಪಿಲ್ಲದ ಅನ್ನ, ಹಣ್ಣು, ಸಕ್ಕರೆಗಳನ್ನು ಬಿಟ್ಟು ಹೆಚ್ಚೇನೂ ಇರಲಿಲ್ಲ. ಅನ್ನವೇ ಮುಖ್ಯ ಆಹಾರವಾದ ನಾಡಿನವರಿಗೂ ಸಾರು, ಮಜ್ಜಿಗೆ, ಉಪ್ಪಿನಕಾಯಿ ಇಲ್ಲದ ಆ ಊಟ ತಿಂಗಳುಗಟ್ಟಲೆ ಗಂಟಲಲ್ಲಿ ಇಳಿಯುವಂಥದ್ದಲ್ಲ.

ಸರ್ಪಗಂಧ

ಸರ್ಪಗಂಧವು ಒಂದೆರಡು ಅಡಿ ಎತ್ತರ ಬೆಳೆಯುವ ಗಿಡ. ಕಣಗಿಲೆ ಮತ್ತು ನಿತ್ಯಪುಷ್ಪಗಳ ಕುಟುಂಬಕ್ಕೆ ಸೇರಿದ್ದು. ಹಿಮಾಲಯದ ತಪ್ಪಲಿನಿಂದ ಪಶ್ಚಿಮ ಘಟ್ಟಗಳವರೆಗೆ ತೇವವಿರುವ ಕಾಡುಗಳ ನೆರಳಿನಲ್ಲಿ ಕಾಣಸಿಗುತ್ತದೆ. ಕನ್ನಡದಲ್ಲಿ ಇದಕ್ಕೆ ಸೂತ್ರನಾಭಿ ಎಂಬ ಹೆಸರೂ ಇದೆ. ಬಹಳ ಕಹಿಯಾದ ಇದರ ಬೇರನ್ನು ಹಾವಿನ ಕಡಿತಕ್ಕೆ, ಜ್ವರಕ್ಕೆ, ಹೊಟ್ಟೆಯ ಬೇನೆಗೆ, ನಿದ್ರಾಹೀನತೆಗೆ ಕೊಡುತ್ತಿದ್ದರು. ಬಿಹಾರದಲ್ಲಿ ಇದು ಹುಚ್ಚಿನ ಮದ್ದೆಂದೇ ಪ್ರಸಿದ್ಧವಾಗಿತ್ತು. ಯೂರೋಪಿನ ಸಸ್ಯಶಾಸ್ತ್ರಜ್ಞರು ಇದರ ಕುಲಕ್ಕೆ ಹದಿನಾರನೆಯ ಶತಮಾನದ ಜರ್ಮನ್ ವೈದ್ಯ ಹಾಗೂ ಪ್ರವಾಸಿ ಲಿಯೊನ್‌ಹಾರ್ಟ್ ರೌವೊಲ್ಫ್ ಅವರ ನೆನಪಿಗೆ ರಾವೊಲ್ಫಿಯ ಎಂದು ಹೆಸರಿಟ್ಟರು.

ಆಧುನಿಕ ವಿಜ್ಞಾನದ ಕಣ್ಣು ಈ ಬೇರಿನ ಮೇಲೆ ಬಿದ್ದದ್ದು 1931ರಲ್ಲಿ. ಆ ವರ್ಷ ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದೀಕಿ ಮತ್ತು ರಫತ್ ಸಿದ್ದೀಕಿ ಅವರು ಬೇರಿನಿಂದ ಕೆಲವು ಆಲ್ಕಲಾಯ್ಡುಗಳನ್ನು ಬೇರ್ಪಡಿಸಿ, ಒಂದಕ್ಕೆ ಯುನಾನಿ ವೈದ್ಯ ಹಕೀಂ ಅಜ್ಮಲ್ ಖಾನ್ ಅವರ ಗೌರವಾರ್ಥ ಅಜ್ಮಲೀನ್ ಎಂದು ಹೆಸರಿಟ್ಟರು. ಅದೇ ವರ್ಷ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅವರು ಈ ಬೇರು ಮಾನಸಿಕ ರೋಗಕ್ಕೂ ಅಧಿಕ ರಕ್ತದೊತ್ತಡಕ್ಕೂ ಉಪಯುಕ್ತವೆಂದು ವರದಿ ಮಾಡಿದರು. ಮುಂದೆ ರಾಮನಾಥ ಚೋಪ್ರಾ ಮತ್ತು ಸಂಗಡಿಗರು ಪ್ರಾಣಿಗಳ ಮೇಲೆ ಪರೀಕ್ಷೆ ನಡೆಸಿ ರಕ್ತದೊತ್ತಡ ಇಳಿಯುವುದನ್ನು ದೃಢಪಡಿಸಿದರು. 1934ರಲ್ಲಿ ಹಿಮಾಲಯ ಡ್ರಗ್ ಕಂಪನಿ ಸರ್ಪಿನಾ ಎಂಬ ಗುಳಿಗೆಯನ್ನು ಮಾರುಕಟ್ಟೆಗೆ ತಂದಿತು. ಡೆಹ್ರಾಡೂನಿನಲ್ಲಿ ಹುಟ್ಟಿದ ಈ ಸಂಸ್ಥೆ 1970ರ ದಶಕದಲ್ಲಿ ಬೆಂಗಳೂರಿನಲ್ಲಿ ನೆಲೆಯೂರಿತು.

ಹೀಗೆ 1940ರ ದಶಕಕ್ಕೆ ಬರುವ ವೇಳೆಗೆ ಭಾರತದ ವೈದ್ಯರು ಸರ್ಪಗಂಧದ ಗುಳಿಗೆಯನ್ನು ಧಾರಾಳವಾಗಿ ಬರೆದುಕೊಡುತ್ತಿದ್ದರು. ಹೊರಗಿನವರಿಗೆ ಇದರ ಸುಳಿವೇ ಇರಲಿಲ್ಲ. ಭಾರತೀಯ ಪತ್ರಿಕೆಗಳಲ್ಲಿ ಬಂದದ್ದನ್ನು ಲಂಡನ್, ಬಾಸ್ಟನ್‌ಗಳಲ್ಲಿ ಓದುವವರು ವಿರಳ. ಓದಿದವರಿಗೂ ನಾಟಿಮದ್ದೆಂಬ ತಾತ್ಸಾರ.

1949ರ ಲೇಖನ

ವಕೀಲ್ ಅವರು ಅಧಿಕ ರಕ್ತದೊತ್ತಡದ 50 ಮಂದಿ ರೋಗಿಗಳನ್ನು ಆರಿಸಿಕೊಂಡು, ಅವರಿಗೆ ಸರ್ಪಗಂಧದ ಬೇರಿನ ಗುಳಿಗೆಗಳನ್ನು ಕೊಟ್ಟು, ಒತ್ತಡದ ಎರಡೂ ಅಂಕಿಗಳನ್ನು ಚಿಕಿತ್ಸೆಗೆ ಮುಂಚೆಯೂ ಅನಂತರವೂ ದಾಖಲಿಸಿದರು. ಬಹುಪಾಲು ರೋಗಿಗಳಲ್ಲಿ ಎರಡೂ ಅಂಕಿಗಳು ಇಳಿದಿದ್ದವು. ಕೆಲವರಲ್ಲಿ ಇಳಿಕೆ ಗಣನೀಯ, ಕೆಲವರಲ್ಲಿ ಅತ್ಯಲ್ಪ. ಫಲಿತಾಂಶಗಳನ್ನೂ ಅಡ್ಡಪರಿಣಾಮಗಳನ್ನೂ ಒಳಗೊಂಡ ಲೇಖನ 1949ರ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಅಚ್ಚಾಯಿತು.

ಇಂದಿನ ಅಳತೆಗೋಲಿನಿಂದ ನೋಡಿದರೆ ಇದು ಸಣ್ಣ ಅಧ್ಯಯನ. ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಗುಂಪುಗಳಾಗಿ ಹಂಚಿ, ಒಂದಕ್ಕೆ ನಿಜವಾದ ಔಷಧ, ಇನ್ನೊಂದಕ್ಕೆ ಹುಸಿಗುಳಿಗೆ ಕೊಟ್ಟು ಹೋಲಿಸುವ ಇಂದಿನ ಪದ್ಧತಿ ಅದರಲ್ಲಿಲ್ಲ. ಆದರೆ ಕಾಲವನ್ನು ಗಮನಿಸಬೇಕು. ಯಾದೃಚ್ಛಿಕ ಹಂಚಿಕೆಯ ಮಾದರಿ ಪ್ರಯೋಗವೆಂದು ಹೆಸರಾದ, ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಕೊಟ್ಟು ನೋಡಿದ ಬ್ರಿಟಿಷ್ ಅಧ್ಯಯನ ಪ್ರಕಟವಾದದ್ದು 1948ರಲ್ಲಿ, ಕೇವಲ ಒಂದು ವರ್ಷ ಹಿಂದೆ. ತನ್ನ ರೋಗಿಗೆ ಗುಣವಾಯಿತು ಎಂಬ ಅನುಭವದ ಮಾತಿಗೂ ಐವತ್ತು ಮಂದಿಯಲ್ಲಿ ಎಷ್ಟು ಜನರಿಗೆ ಎಷ್ಟು ಇಳಿಯಿತು ಎಂಬ ಲೆಕ್ಕಕ್ಕೂ ಇರುವ ಅಂತರ ದೊಡ್ಡದು. ಆ ಲೆಕ್ಕವನ್ನು ಹೃದ್ರೋಗ ತಜ್ಞರು ನಂಬಿಕೆಯಿಂದ ಓದುವ ಪತ್ರಿಕೆಯಲ್ಲಿಯೇ ಇಟ್ಟದ್ದು ಅಷ್ಟೇ ಮುಖ್ಯವಾದ ನಿರ್ಧಾರವಾಗಿತ್ತು.

ಬೇರಿನ ವಿಚಿತ್ರ ಸ್ವಭಾವವೂ ವೈದ್ಯರ ಗಮನ ಸೆಳೆಯಿತು. ಅದು ತಕ್ಷಣ ಕೆಲಸ ಮಾಡುವುದಿಲ್ಲ. ಪರಿಣಾಮ ಪೂರ್ತಿ ಕಾಣಲು ವಾರಗಳು ಬೇಕು. ಗುಳಿಗೆ ನಿಲ್ಲಿಸಿದ ಮೇಲೂ ಕೆಲವು ಕಾಲ ಉಳಿಯುತ್ತದೆ. ಇದರ ಕಾರಣ ಮುಂದೆ ತಿಳಿಯಿತು. ರಕ್ತನಾಳಗಳನ್ನು ಬಿಗಿಗೊಳಿಸುವ ಸಂದೇಶವನ್ನು ನರಗಳ ತುದಿಯಲ್ಲಿರುವ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಒಯ್ಯುತ್ತದೆ. ಅದನ್ನು ನರಗಳು ಪುಟ್ಟ ಚೀಲಗಳಲ್ಲಿ ಕೂಡಿಟ್ಟುಕೊಂಡಿರುತ್ತವೆ. ಸರ್ಪಗಂಧದ ಮುಖ್ಯ ಸತ್ವವು ಆ ಚೀಲಗಳಿಗೆ ದಾಸ್ತಾನು ಸೇರದಂತೆ ತಡೆಯುತ್ತದೆ. ದಾಸ್ತಾನು ನಿಧಾನವಾಗಿ ಬರಿದಾಗಿ ರಕ್ತನಾಳಗಳು ಸಡಿಲಗೊಳ್ಳುತ್ತವೆ. ಮಿದುಳಿನಲ್ಲಿಯೂ ಇದೇ ಬಗೆಯ ದಾಸ್ತಾನು ಕರಗುವುದರಿಂದ ಮನಸ್ಸು ಶಾಂತವಾಗುತ್ತದೆ, ಪ್ರಮಾಣ ಹೆಚ್ಚಿದರೆ ಮಂಕೂ ಕವಿಯುತ್ತದೆ. ಹುಚ್ಚಿನ ಮದ್ದು ಮತ್ತು ರಕ್ತದೊತ್ತಡದ ಮದ್ದು ಒಂದೇ ಬೇರಿನಲ್ಲಿ ಇದ್ದುದಕ್ಕೆ ವಿವರಣೆ ಇದು.

ಬಾಸ್ಟನ್ ಮತ್ತು ಬಾಸೆಲ್

ವಕೀಲ್ ಅವರ ಲೇಖನವನ್ನು ಓದಿದವರಲ್ಲಿ ಅಮೆರಿಕದ ಬಾಸ್ಟನ್ನಿನ ರಾಬರ್ಟ್ ವಿಲ್ಕಿನ್ಸ್ ಒಬ್ಬರು. ರಕ್ತದೊತ್ತಡದ ಚಿಕಿತ್ಸೆಯಲ್ಲಿ ಆಗಲೇ ಹೆಸರು ಮಾಡಿದ್ದ ಅವರು ಭಾರತದಿಂದ ಗುಳಿಗೆ ತರಿಸಿ ತಮ್ಮ ರೋಗಿಗಳಲ್ಲಿ ಪರೀಕ್ಷಿಸಿದರು. 1952–53ರಲ್ಲಿ ಅವರು ಮತ್ತು ಸಹೋದ್ಯೋಗಿಗಳು ವರದಿಗಳನ್ನು ಪ್ರಕಟಿಸಿದರು. ಒತ್ತಡ ಸೌಮ್ಯವಾಗಿ ಇಳಿಯುವುದರ ಜೊತೆಗೆ ರೋಗಿಗಳ ಆತಂಕವೂ ಕಡಿಮೆಯಾಗುತ್ತದೆ ಎಂಬುದನ್ನು ಅವರು ಕಂಡರು. ಇತ್ತ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸೀಬಾ ಕಂಪನಿಯಲ್ಲಿ ಮ್ಯುಲ್ಲರ್, ಷ್ಲಿಟ್ಲರ್ ಮತ್ತು ಬೈನ್ ಎಂಬ ವಿಜ್ಞಾನಿಗಳು 1952ರಲ್ಲಿ ಬೇರಿನ ಮುಖ್ಯ ಸತ್ವವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿ ರಿಸರ್ಪಿನ್ ಎಂದು ಕರೆದರು. ಅದು ಸರ್ಪಸಿಲ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಿತು. 1956ರಲ್ಲಿ ರಾಬರ್ಟ್ ವುಡ್‌ವರ್ಡ್ ಅದನ್ನು ಪ್ರಯೋಗಾಲಯದಲ್ಲಿಯೇ ಸಂಶ್ಲೇಷಿಸಿದರು.

ನ್ಯೂಯಾರ್ಕಿನ ಮನೋವೈದ್ಯ ನೇಥನ್ ಕ್ಲೈನ್ ಅವರು 1954ರಲ್ಲಿ ರಿಸರ್ಪಿನ್ನನ್ನು ಮಾನಸಿಕ ರೋಗಿಗಳಿಗೆ ಬಳಸಿದ ಫಲಿತಾಂಶವನ್ನು ತಿಳಿಸಿದರು. ಒಂದು ಬೇರು ಹೃದ್ರೋಗ ವಿಜ್ಞಾನ ಮತ್ತು ಮನೋವೈದ್ಯ ಎರಡರಲ್ಲಿಯೂ ಹೊಸ ಕಾಲವನ್ನು ತೆರೆದದ್ದು ಹೀಗೆ. ಇಷ್ಟರ ನಡುವೆ ಔಷಧದ ಲಾಭದ ದೊಡ್ಡ ಪಾಲು ಹೋದದ್ದು ಶುದ್ಧ ಸತ್ವವನ್ನು ತಯಾರಿಸಿದ ಪಶ್ಚಿಮದ ಕಂಪನಿಗಳಿಗೆ. ಗಿಡವನ್ನೂ ಮೊದಲ ಜ್ಞಾನವನ್ನೂ ಕೊಟ್ಟ ದೇಶ ಬಹುಮಟ್ಟಿಗೆ ಬೇರನ್ನು ಒದಗಿಸುವ ಸ್ಥಾನದಲ್ಲಿಯೇ ಉಳಿಯಿತು.

ವಕೀಲ್ ಅವರೂ ಈ ವಿಷಯವನ್ನು ಬಿಡಲಿಲ್ಲ. 1955ರಲ್ಲಿ ಅಮೆರಿಕದ ಸರ್ಕ್ಯುಲೇಷನ್ ಪತ್ರಿಕೆಯಲ್ಲಿ ಸರ್ಪಗಂಧದ ಕುರಿತು ಅಲ್ಲಿಯವರೆಗೆ ಬಂದಿದ್ದ ಸಂಶೋಧನೆಗಳನ್ನೆಲ್ಲ ಪರಾಮರ್ಶಿಸಿ ದೀರ್ಘ ಲೇಖನ ಬರೆದರು. 1957ರಲ್ಲಿ ಲಾಸ್ಕರ್ ಪ್ರಶಸ್ತಿಯ ವೈದ್ಯಕೀಯ ಸಂಶೋಧನಾ ವಿಭಾಗದಲ್ಲಿ ವಕೀಲ್ ಅವರೊಂದಿಗೆ ಕ್ಲೈನ್, ರಾಬರ್ಟ್ ನೋಸ್, ಆನ್ರಿ ಲಾಬೊರಿ, ಪಿಯರ್ ಡೆನಿಕೆ ಹಾಗೂ ಹೈನ್ಸ್ ಲೇಮನ್ ಪುರಸ್ಕೃತರಾದರು. ಉಳಿದವರೆಲ್ಲ ಮಾನಸಿಕ ರೋಗದ ಔಷಧಗಳ ಮೇಲೆ ಕೆಲಸ ಮಾಡಿದವರು. ರಕ್ತದೊತ್ತಡಕ್ಕಾಗಿ ಗೌರವ ಪಡೆದವರು ವಕೀಲ್ ಒಬ್ಬರೇ. ಮರುವರ್ಷ ಅದೇ ಪ್ರಶಸ್ತಿ ವಿಲ್ಕಿನ್ಸ್ ಅವರಿಗೆ ದೊರೆಯಿತು.

ಅಧ್ಯಾಪನ ಮತ್ತು ಗ್ರಂಥಗಳು

ಭಾರತದ ವೈದ್ಯಕೀಯ ವಿದ್ಯಾರ್ಥಿಗಳ ಹಲವು ತಲೆಮಾರುಗಳಿಗೆ ವಕೀಲ್ ಎಂಬ ಹೆಸರು ಪರಿಚಿತವಾದದ್ದು ಸರ್ಪಗಂಧದಿಂದಲ್ಲ, ಪಠ್ಯಪುಸ್ತಕಗಳಿಂದ. ಆಸ್ಪಿ ಗೋಲ್‌ವಾಲಾ ಅವರೊಂದಿಗೆ ಸೇರಿ ಅವರು ಬರೆದ ರೋಗಪರೀಕ್ಷೆಯ ಕೈಪಿಡಿಗಳು ವ್ಯಾಪಕವಾಗಿ ಬಳಕೆಯಾದವು. ನಾಡಿ ಹಿಡಿಯುವುದು, ಎದೆ ತಟ್ಟಿ ನೋಡುವುದು, ಹೃದಯದ ಬಡಿತದಲ್ಲಿ ಅಪಶ್ರುತಿಯನ್ನು ಗುರುತಿಸುವುದು ಮುಂತಾದ, ಯಂತ್ರವಿಲ್ಲದೆ ಮಾಡಬೇಕಾದ ಪರೀಕ್ಷೆಗಳನ್ನು ಅವು ಕಲಿಸುತ್ತವೆ. ಭಾರತೀಯ ವೈದ್ಯರ ಸಂಘವು 1969ರಲ್ಲಿ ಹೊರತಂದ ವೈದ್ಯಶಾಸ್ತ್ರದ ಬೃಹತ್ ಪಠ್ಯಗ್ರಂಥದ ಮೊದಲ ಆವೃತ್ತಿಯ ಸಂಪಾದಕರು ವಕೀಲ್. ಮಲೇರಿಯಾ, ಟೈಫಾಯ್ಡ್, ಅಪೌಷ್ಟಿಕತೆಗಳಂಥ ಭಾರತದ ಕಾಯಿಲೆಗಳಿಗೆ ವಿದೇಶಿ ಪುಸ್ತಕಗಳಲ್ಲಿ ಸಿಗದ ಸ್ಥಳವನ್ನು ಕೊಡುವುದು ಅದರ ಉದ್ದೇಶವಾಗಿತ್ತು. ಆ ಗ್ರಂಥ ಹೊಸ ಹೊಸ ಆವೃತ್ತಿಗಳಲ್ಲಿ ಮುಂದುವರಿದಿದೆ. ವೈದ್ಯಶಾಸ್ತ್ರದ ಇತಿಹಾಸವನ್ನು ಕುರಿತು ಜನಸಾಮಾನ್ಯರಿಗಾಗಿ ಅವರು ಬರೆದ ಪ್ರಬಂಧಗಳೂ ಪುಸ್ತಕರೂಪದಲ್ಲಿ ಬಂದಿವೆ.

ಹೃದಯಾಘಾತದ ಮುನ್ಸೂಚನೆ

1960ರ ದಶಕದಲ್ಲಿ ವಕೀಲ್ ಅವರ ಆಸಕ್ತಿ ಹೃದಯಾಘಾತದ ಕಡೆಗೆ ತಿರುಗಿತು. ಎದೆನೋವು ಇದ್ದಕ್ಕಿದ್ದಂತೆ ಹೆಚ್ಚುವುದು, ವಿಶ್ರಾಂತಿಯಲ್ಲಿರುವಾಗಲೂ ಕಾಣಿಸಿಕೊಳ್ಳುವುದು ಬರಲಿರುವ ಆಘಾತದ ಸೂಚನೆಯಾಗಿರಬಹುದು ಎಂಬುದನ್ನು ಅವರು ವಿವರವಾಗಿ ಅಧ್ಯಯನ ಮಾಡಿದರು. ಈ ಸ್ಥಿತಿಯ ಬಗ್ಗೆ 1961 ಮತ್ತು 1964ರಲ್ಲಿ ಅಮೆರಿಕದ ಪತ್ರಿಕೆಗಳಲ್ಲಿ ಬಂದ ಅವರ ಲೇಖನಗಳು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಗಳ ಪ್ರಯೋಜನವನ್ನೂ ಚರ್ಚಿಸಿದವು. ಇಂದು ಅಸ್ಥಿರ ಆಂಜೈನಾ ಎಂದು ಕರೆಯಲಾಗುವ ಸ್ಥಿತಿಗೆ ಇದು ಬಹಳ ಹತ್ತಿರದ್ದು.

ನಿಧನ

ವಕೀಲ್ ಅವರು 1974ರಲ್ಲಿ ನಿಧನರಾದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ರಿಸರ್ಪಿನ್ ಸೇವಿಸುವ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚು ಎಂದು ಸೂಚಿಸುವ ಮೂರು ವರದಿಗಳು ಒಟ್ಟಿಗೆ ಪ್ರಕಟವಾಗಿದ್ದವು. ಅನಂತರದ ಅಧ್ಯಯನಗಳು ಅದನ್ನು ಸಮರ್ಥಿಸಲಿಲ್ಲ. ಮೊದಲ ವರದಿಗಳಲ್ಲಿ ಹೋಲಿಕೆಗೆ ಆರಿಸಿದ ಗುಂಪಿನಿಂದ ಹೃದ್ರೋಗವಿದ್ದವರನ್ನು ಕೈಬಿಟ್ಟದ್ದೇ ತಪ್ಪಿಗೆ ಕಾರಣ ಎಂಬ ವಿಮರ್ಶೆ ಬಂದಿತು. ಹೃದ್ರೋಗಿಗಳನ್ನು ಬಿಟ್ಟರೆ ರಕ್ತದೊತ್ತಡದ ಔಷಧ ಸೇವಿಸುವವರೇ ಆ ಗುಂಪಿನಲ್ಲಿ ಕಡಿಮೆಯಾಗುತ್ತಾರೆ. ಆಗ ರೋಗಿಗಳ ಗುಂಪಿನಲ್ಲಿ ಔಷಧದ ಬಳಕೆ ಹೆಚ್ಚೆಂದು ತೋರುವುದು ಸಹಜ. ಆದರೆ ಅಷ್ಟರಲ್ಲಿ ಔಷಧದ ಹೆಸರು ಕೆಟ್ಟಿತ್ತು. ಹೆಚ್ಚು ಪ್ರಮಾಣದಲ್ಲಿ ಕೊಟ್ಟಾಗ ಖಿನ್ನತೆ ಬರುತ್ತದೆ ಎಂಬ 1950ರ ದಶಕದ ವರದಿಗಳು ಮೊದಲೇ ಇದ್ದವು. ಹೊಸ ಬಗೆಯ ಗುಳಿಗೆಗಳೂ ಬಂದಿದ್ದವು. ಪಶ್ಚಿಮ ದೇಶಗಳ ವೈದ್ಯರು ರಿಸರ್ಪಿನ್ನನ್ನು ಬಹುಮಟ್ಟಿಗೆ ಕೈಬಿಟ್ಟರು.

ವೃದ್ಧರ ಚಿಕಿತ್ಸೆಯಲ್ಲಿ ರಿಸರ್ಪಿನ್

ರಕ್ತದೊತ್ತಡ ಇಳಿಸಿದರೆ ಅಂಕಿ ಮಾತ್ರ ಇಳಿಯುತ್ತದೆಯೋ, ಆಯುಷ್ಯವೂ ಉಳಿಯುತ್ತದೆಯೋ ಎಂಬ ಪ್ರಶ್ನೆಗೆ ವಕೀಲ್ ಅವರ ಲೇಖನ ಉತ್ತರ ಕೊಟ್ಟಿರಲಿಲ್ಲ. ಐವತ್ತು ರೋಗಿಗಳ ಅಲ್ಪಾವಧಿಯ ಅಧ್ಯಯನಕ್ಕೆ ಅದು ಸಾಧ್ಯವೂ ಇರಲಿಲ್ಲ. ಆ ಉತ್ತರ ದೊರೆತ ಎರಡು ಪ್ರಮುಖ ಅಧ್ಯಯನಗಳಲ್ಲಿಯೂ ರಿಸರ್ಪಿನ್ ಭಾಗವಹಿಸಿದೆ ಎಂಬುದು ಅಷ್ಟಾಗಿ ಪ್ರಚಾರ ಪಡೆಯದ ಸಂಗತಿ.

ಮೊದಲನೆಯದು ಎಡ್ವರ್ಡ್ ಫ್ರೈಸ್ ಅವರ ನೇತೃತ್ವದಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ನಡೆದದ್ದು. ಕೆಳಗಿನ ಅಂಕಿ 115ರಿಂದ 129ರವರೆಗೆ ಇದ್ದ 143 ಪುರುಷರಲ್ಲಿ 73 ಮಂದಿಗೆ ಮೂತ್ರವರ್ಧಕ, ರಿಸರ್ಪಿನ್ ಮತ್ತು ಹೈಡ್ರಲಜಿನ್‌ಗಳನ್ನೂ ಉಳಿದ 70 ಮಂದಿಗೆ ಹುಸಿಗುಳಿಗೆಯನ್ನೂ ಕೊಡಲಾಯಿತು. 1967ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಹುಸಿಗುಳಿಗೆಯ ಗುಂಪಿನಲ್ಲಿ ಗಂಭೀರ ತೊಂದರೆಗಳು 27, ಔಷಧದ ಗುಂಪಿನಲ್ಲಿ 2. ಇಷ್ಟು ಸ್ಪಷ್ಟವಾದ ವ್ಯತ್ಯಾಸ ವೈದ್ಯಕೀಯದಲ್ಲಿ ಅಪರೂಪ. ಆದರೂ ಮುಪ್ಪಿನಲ್ಲಿ ಮೇಲಿನ ಅಂಕಿ ಮಾತ್ರ ಏರಿ, ಕೆಳಗಿನ ಅಂಕಿ ಸರಿಯಾಗಿಯೇ ಇರುವ ಸ್ಥಿತಿಯ ಬಗ್ಗೆ ಹಳೆಯ ಅನುಮಾನ ಉಳಿದೇ ಇತ್ತು. ವೃದ್ಧರಲ್ಲಿ ಹೆಚ್ಚಾಗಿ ಕಂಡುಬರುವುದು ಈ ಬಗೆಯೇ. ರಕ್ತನಾಳಗಳು ಎಳಸುತನ ಕಳೆದುಕೊಂಡು ಕೊಳವೆಯಂತೆ ಬಿರುಸಾಗುವುದೇ ಇದಕ್ಕೆ ಕಾರಣ.

1991ರಲ್ಲಿ ಅಮೆರಿಕದ ಮತ್ತೊಂದು ಅಧ್ಯಯನ ಆ ಅನುಮಾನವನ್ನು ನಿವಾರಿಸಿತು. 60 ವರ್ಷಕ್ಕೆ ಮೇಲ್ಪಟ್ಟ, ಮೇಲಿನ ಅಂಕಿ 160ಕ್ಕಿಂತ ಹೆಚ್ಚಿದ್ದು ಕೆಳಗಿನದು 90ಕ್ಕಿಂತ ಕಡಿಮೆಯಿದ್ದ 4,736 ಮಂದಿ ಸ್ತ್ರೀಪುರುಷರು ಅದರಲ್ಲಿದ್ದರು. ಅವರ ಸರಾಸರಿ ವಯಸ್ಸು ಸುಮಾರು 72. ಔಷಧದ ಗುಂಪಿನವರಿಗೆ ಮೊದಲು ಕ್ಲೋರ್‌ಥ್ಯಾಲಿಡೋನ್ ಎಂಬ ಮೂತ್ರವರ್ಧಕವನ್ನು ಸಣ್ಣ ಪ್ರಮಾಣದಲ್ಲಿ ಕೊಡಲಾಯಿತು. ಅದು ಸಾಲದಾದಾಗ ಅಟೆನಾಲೋಲ್. ಅಟೆನಾಲೋಲ್ ಸಲ್ಲದವರಿಗೆ ರಿಸರ್ಪಿನ್, ದಿನಕ್ಕೆ 0.05ರಿಂದ 0.1 ಮಿಲಿಗ್ರಾಂ. ಸುಮಾರು ನಾಲ್ಕೂವರೆ ವರ್ಷಗಳಲ್ಲಿ ಪಾರ್ಶ್ವವಾಯುವಿನ ಪ್ರಮಾಣ ಶೇಕಡಾ 36ರಷ್ಟು ಇಳಿಯಿತು. ವಯಸ್ಸಿಗೆ ನೂರು ಕೂಡಿಸುವ ಹಳೆಯ ಲೆಕ್ಕಕ್ಕೆ ಅಲ್ಲಿಗೆ ಆಧಾರ ತಪ್ಪಿತು. 80 ದಾಟಿದವರಲ್ಲಿಯೂ ಚಿಕಿತ್ಸೆ ಫಲಕಾರಿ ಎಂದು 2008ರಲ್ಲಿ ಬೇರೊಂದು ಅಂತರರಾಷ್ಟ್ರೀಯ ಅಧ್ಯಯನ ತೋರಿಸಿತು. ಅದರಲ್ಲಿ ಬಳಸಿದ ಔಷಧಗಳು ಬೇರೆ.

ಇಲ್ಲಿ ಗಮನಿಸಬೇಕಾದದ್ದು ಪ್ರಮಾಣ. 1950ರ ದಶಕದಲ್ಲಿ ಖಿನ್ನತೆ ಉಂಟುಮಾಡಿದ ರಿಸರ್ಪಿನ್‌ಗೂ ವೃದ್ಧರ ಅಧ್ಯಯನದಲ್ಲಿ ಬಳಸಿದ ರಿಸರ್ಪಿನ್‌ಗೂ ರಾಸಾಯನಿಕವಾಗಿ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಎಷ್ಟು ಕೊಟ್ಟರು ಎಂಬುದರಲ್ಲಿ. ವೃದ್ಧರಲ್ಲಿ ದಿನಕ್ಕೆ 0.1 ಮಿಲಿಗ್ರಾಂಗಿಂತ ಹೆಚ್ಚಿನ ರಿಸರ್ಪಿನ್ ಕೊಡಬಾರದು ಎಂದು ಅಮೆರಿಕದ ವೃದ್ಧಾಪ್ಯ ವೈದ್ಯರ ಮಾರ್ಗಸೂಚಿ ಎಚ್ಚರಿಸಿದೆ. ಮಂಪರು, ಖಿನ್ನತೆ, ಎದ್ದು ನಿಂತಾಗ ಒತ್ತಡ ಕುಸಿದು ತಲೆ ಸುತ್ತಿ ಬೀಳುವುದು ಇವು ಹಿರಿಯರಲ್ಲಿ ಮುಖ್ಯ ಅಪಾಯಗಳು. ಮೂಗು ಕಟ್ಟುವುದು ಸಾಮಾನ್ಯ. ಖಿನ್ನತೆ ಅಥವಾ ಹೊಟ್ಟೆಹುಣ್ಣು ಇರುವವರಿಗೆ ಇದು ಹೊಂದುವುದಿಲ್ಲ. ಕಾಡಿನಿಂದ ತಂದ ಬೇರಿನಲ್ಲಿ ಸತ್ವದ ಪ್ರಮಾಣ ಗಿಡದಿಂದ ಗಿಡಕ್ಕೆ ಬದಲಾಗುವುದರಿಂದ ಅದನ್ನು ಅರೆದು ಕುಡಿಯುವುದು ಸುರಕ್ಷಿತವಲ್ಲ.

ಭಾರತದಲ್ಲಿ ರಿಸರ್ಪಿನ್, ಡೈಹೈಡ್ರಲಜಿನ್ ಮತ್ತು ಮೂತ್ರವರ್ಧಕ ಮೂರೂ ಸೇರಿದ ಅಡೆಲ್‌ಫೇನ್ ಎಸಿಡ್ರೆಕ್ಸ್ ಎಂಬ ಗುಳಿಗೆ ಬಹುಕಾಲ ಬಳಕೆಯಲ್ಲಿತ್ತು. ಈಗ ವೃದ್ಧರ ರಕ್ತದೊತ್ತಡಕ್ಕೆ ವೈದ್ಯರು ಮೊದಲು ಬರೆಯುವುದು ಅಮ್ಲೋಡಿಪಿನ್, ಟೆಲ್ಮಿಸಾರ್ಟಾನ್ ಅಥವಾ ಕ್ಲೋರ್‌ಥ್ಯಾಲಿಡೋನ್ ಮುಂತಾದವನ್ನು. ಅತಿಯಾಗಿ ಕಿತ್ತದ್ದರಿಂದ ಸರ್ಪಗಂಧವು ಪಶ್ಚಿಮ ಘಟ್ಟಗಳೂ ಸೇರಿದಂತೆ ಅನೇಕ ಕಡೆ ವಿರಳವಾಗಿದ್ದು, ಅಳಿವಿನ ಅಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಅನುಬಂಧದಲ್ಲಿ ಸೇರಿದೆ.